ಸಿಸ್ಟರ್‌ಗೆಂದು ಎತ್ತಿಟ್ಟ ಕಪ್

ನಮ್ಮನೆ ಹಿತ್ತಲ ಕಿಟಕಿಯಲ್ಲಿ ನೀಲಿ ಹೂವಿನ ಒಂದು ಪಿಂಗಾಣಿ ಕಪ್ ಇದೆ. ಹೋದ ಭಾನುವಾರದಿಂದ ಅದನ್ನು ಮುಟ್ಟಲು ನನಗೆ ಕೈ ಬರುತ್ತಿಲ್ಲ.

ಸಿಸ್ಟರ್ ಜೆಸಿಂತಾ ತೀರಿಕೊಂಡು ತಿಂಗಳಾಯಿತು. ನಾನು ಓದಿದ ಕಾನ್ವೆಂಟಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವರು. ಆ ಗ್ರಾಮರ್ ಎಲ್ಲ ಮರೆತೇ ಹೋಗಿದೆ. ನೆನಪಿರುವುದು ಅವರ ಊಟದ ಕೋಣೆಯ ಉದ್ದನೆಯ ಬೆಂಚು. ಮಗಳನ್ನು ಬಿಡಲು ಬಂದ ಎಸ್ಟೇಟ್ ಯಜಮಾನರು, ಅವರ ಜೀಪ್ ಡ್ರೈವರ್, ಬಾಳೂರು ಕಡೆಯಿಂದ ಬಂದ ತೋಟದ ಆಳು, ಎಲ್ಲರೂ ಅದೇ ಬೆಂಚಿನ ಮೇಲೆ ಕೂರಬೇಕು. ಎಲ್ಲರಿಗೂ ಅದೇ ಲೋಟ, ಅದೇ ರವೆ ಉಂಡೆ.

“ಮೊದ್ಲು ತಿನ್ನಿ ಮಾರಾಯ್ರೆ, ಮಾತೇನು ಓಡಿ ಹೋಗ್ತದಾ?” ಅನ್ನುತ್ತಿದ್ದರು ಸಿಸ್ಟರ್.

ಮದುವೆಯಾಗಿ ಕೊಟ್ಟಿಗೆಹಾರದ ಹತ್ತಿರ ಬಂದೆ. ಈ ಕಡೆ ಬಂದಾಗಲೆಲ್ಲ ಸಿಸ್ಟರ್ ನಮ್ಮನೆಗೆ ಬರುತ್ತಿದ್ದರು. ಮೊದಲ ಸಲ ಬಂದಾಗಲೇ ಅತ್ತೆ ನನಗೆ ಕಣ್ಣಿನಲ್ಲೇ ಕಿಟಕಿ ತೋರಿಸಿದರು. ಆ ಕಪ್ ‘ಬೇರೆ ಜನ’ಕ್ಕೆ. ಅಡುಗೆಮನೆಯೊಳಗೆ ಬರುವಂತಿಲ್ಲ. ಕುಡಿದವರು ತಾವೇ ತೊಳೆದು ಕವುಚಿಡಬೇಕು. (ಸಿಸ್ಟರ್‌ಗೆ ಇದನ್ನು ಯಾರೂ ಹೇಳಲಿಲ್ಲ. ಹೇಳುವುದುಂಟೆ?)

ಅವರ ಲೋಟದಲ್ಲಿ ಕುಡಿದು ಬೆಳೆದ ನಾನು ಬಾಯಿ ಮುಚ್ಚಿಕೊಂಡು ಅದರಲ್ಲೇ ಕಾಫಿ ಕೊಟ್ಟೆ. ಅತ್ತೆ ತೀರಿಹೋದ ಮೇಲೂ ಕೊಟ್ಟೆ. ಆಗ ಯಾರ ಕಣ್ಣಿಗೆ ಹೆದರಿದೆ?

ಹೋದ ಭಾನುವಾರ ಸಿಸ್ಟರ್ ಜೆಸಿಂತಾ ಅವರ ತಿಂಗಳ ಪ್ರಾರ್ಥನೆ. ಮನೆಯ ಕಾಫಿಪುಡಿ ಹಿಡಿದು ಕಾನ್ವೆಂಟಿಗೆ ಹೋದೆ. ನನ್ನ ಹೆಸರು ಹೇಳಿದ್ದೇ ತಡ, ಚಿಕ್ಕ ವಯಸ್ಸಿನ ಸಿಸ್ಟರ್ ಒಬ್ಬರ ಮುಖ ಅರಳಿತು.

“ಓ, ಕಪ್ಪಿನ ಮನೆಯವ್ರು ನೀವೇನಾ?”

“ಯಾವ ಕಪ್?”

“ಸಿಸ್ಟರ್ ಯಾವಾಗ್ಲೂ ಹೇಳೋರು. ‘ನನ್ನ ಸ್ಟೂಡೆಂಟ್ ಮನೇಲಿ ನಂಗೆ ಅಂತಲೇ ಒಂದು ಕಪ್ ಎತ್ತಿಟ್ಟಿದಾರೆ. ನೀಲಿ ಹೂವಿಂದು. ಅಷ್ಟು ಪ್ರೀತಿ ಅವಳಿಗೆ’ ಅಂತ.”

ಸುತ್ತ ಇದ್ದವರೆಲ್ಲ ನನ್ನನ್ನೇ ಮೆಚ್ಚಿ ನೋಡುತ್ತಿದ್ದರು. ಅದೇ ಬೆಂಚಿನಲ್ಲಿ ಕೂರಿಸಿ ಕೈಗೆ ರವೆ ಉಂಡೆ ಕೊಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪಾಪ, ಸಿಸ್ಟರ್‌ಗೆ ಗೊತ್ತೇ ಆಗಿರಲಿಲ್ಲ. ಸದ್ಯ, ನೋಯದೆ ಹೋದರು.

ಮನೆಗೆ ಬಂದು ಹಿತ್ತಲಿಗೆ ಹೋದೆ. ಕಪ್ ಕವುಚಿಯೇ ಇತ್ತು. ಅವರೇ ಇಟ್ಟು ಹೋದ ಹಾಗೆ. ಕಾಫಿ ಮುಗಿದೊಡನೆ ನಲ್ಲಿಯ ಕಡೆ ನಡೆಯುತ್ತಿದ್ದರು. ನಾನು ಕೈ ಚಾಚಿದರೆ, “ಇರ್ಲಿ ಮಗಾ, ನಾನೇ ತೊಳೀತೇನೆ” ಅನ್ನುತ್ತಿದ್ದರು.

ಪ್ರೀತಿಯಿಂದ ಎತ್ತಿಟ್ಟ ಕಪ್ಪೆಂದೇ ನಂಬಿದ್ದರೆ, ಸಿಸ್ಟರ್ ಒಂದು ಸಲವೂ ಅದನ್ನು ತೊಳೆಯಲು ನನ್ನ ಕೈಗೆ ಕೊಡಲಿಲ್ಲವೇಕೆ?