ಮಣ್ಣಿನ ನಾಯಿಯ ಮುಂಗಾಲ ನಡುವೆ

ಕಾಲಿಗೆ ಏನಾದರೂ ತಗುಲಿದರೆ ಅದನ್ನು ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸ ನನಗೆ ಚಿಕ್ಕಂದಿನಿಂದ ಇದೆ. ಪುಸ್ತಕ, ಅಕ್ಕಿ ಅಳೆಯುವ ಸೇರು, ಪಕ್ಕದಲ್ಲಿ ಕುಳಿತವರ ಪಾದ, ಇವುಗಳಿಗೆಲ್ಲ ಅದು ಸರಿಯೇ. ಆದರೆ ನನ್ನ ಕೈ ಕೇಳಿಕೊಂಡು ಹೋಗುವುದಿಲ್ಲ. ಒಮ್ಮೆ ಕುಶಾಲನಗರದ ಬಸ್ಸಿನಲ್ಲಿ ಯಾರದೋ ಶುಂಠಿ ಮೂಟೆಗೆ ಕಾಲು ತಾಗಿತು. ನಾನು ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಮೂಟೆಯ ಯಜಮಾನ, "ಅದು ಶುಂಠಿ ಸ್ವಾಮಿ, ಸರಸ್ವತಿ ಅಲ್ಲ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು, ನಾನೂ ನಕ್ಕೆ. ಅದೇ ಕೈ ಮುಂದೊಂದು ದಿನ ಒಬ್ಬರ ಬಹುಕಾಲದ ಆಸೆಗೆ ಅಡ್ಡ ಬರುತ್ತದೆಂದು ತಿಳಿದಿದ್ದರೆ ಅಷ್ಟು ನಗುತ್ತಿರಲಿಲ್ಲ.

ಆಗ ಕೊಡಗು ಒಂದು ಪ್ರತ್ಯೇಕ ರಾಜ್ಯ. ಮಡಿಕೇರಿಯಲ್ಲಿ ಇಬ್ಬರೇ ಮಂತ್ರಿಗಳು ಕುಳಿತು ಅದನ್ನು ನಡೆಸುತ್ತಿದ್ದರು. ನಾನು ಭಾಗಮಂಡಲದ ಕಡೆಯಿಂದ ಬಂದು ದಕ್ಷಿಣ ಕೊಡಗಿನ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಪಕ್ಕದ ಬಾಣೆಯಲ್ಲಿ, ಅಂದರೆ ಗುಡ್ಡದ ಹುಲ್ಲುಗಾವಲಿನಲ್ಲಿ, ಪ್ಲಾಂಟರುಗಳ ಕ್ಲಬ್ಬು, ಅದಕ್ಕೆ ಒಂಬತ್ತು ಕುಳಿಗಳ ಗಾಲ್ಫ್ ಮೈದಾನ. ನಾನು ಒಂದು ದಿನವೂ ಗಾಲ್ಫ್ ಕೋಲು ಹಿಡಿದವನಲ್ಲ. ಆದರೆ ಕ್ಲಬ್ಬಿನ ಕಾರ್ಯದರ್ಶಿಗಳು ನಿಯಮದ ಪುಟ್ಟ ಪುಸ್ತಕವೊಂದನ್ನು ಟೈಪು ಮಾಡಿಕೊಡಲು ನನಗೆ ಕೊಟ್ಟರು. ಟೈಪು ಮಾಡುವಾಗ ಅಕ್ಷರ ತಪ್ಪಬಾರದೆಂದು ಮೂರು ಸಲ ಓದಿದೆ. ಆಡುವವರಲ್ಲಿ ಅದನ್ನು ಒಂದು ಸಲ ಓದಿದವರೂ ಇರಲಿಲ್ಲವಾದ್ದರಿಂದ, ಆಟವಾಡದ ನಾನು ಆಟದ ನ್ಯಾಯಾಧೀಶನಾದೆ.

ನೀವು ನಗಬಹುದು, ನನಗೆ ಮಾತ್ರ ಪ್ರತಿ ಭಾನುವಾರ ಒಂದು ಹೊಸ ತಕರಾರು ಕಾದಿರುತ್ತಿತ್ತು. ಆ ಪುಸ್ತಕ ಬರೆದವರ ನಾಡಿನಲ್ಲಿ ಬಹುಶಃ ಚೆಂಡುಗಳು ಮರ್ಯಾದೆಯಿಂದ ಹುಲ್ಲಿನ ಮೇಲೆ ಬೀಳುತ್ತವೆ. ನಮ್ಮಲ್ಲಿ ಹಾಗಲ್ಲ. ಒಂದು ಚೆಂಡು ಸಗಣಿಯಲ್ಲಿ ಹೂತುಕೊಂಡಿತು. ಸಗಣಿ ಪ್ರಕೃತಿಯದ್ದೋ ಮನುಷ್ಯನದ್ದೋ ಎಂದು ಕೇಳಿದರು. ಪ್ರಕೃತಿಯದ್ದಾದರೆ ಒಂದು ನಿಯಮ, ಮನುಷ್ಯ ಮಾಡಿಟ್ಟ ವಸ್ತುವಾದರೆ ಇನ್ನೊಂದು. ಸಗಣಿಯೇನೋ ಸುಲಭ, ಅದನ್ನೇ ತಟ್ಟಿ ಬೆರಣಿ ಮಾಡಿದ್ದರೆ? ಇನ್ನೊಂದು ಸಲ ಎಮ್ಮೆ ಚೆಂಡಿನ ಮೇಲೇ ಮಲಗಿತು. ಎಬ್ಬಿಸಿದಾಗ ಚೆಂಡು ಅದರ ಕಾಲಿಗೆ ಸಿಕ್ಕಿ ದೂರ ಉರುಳಿತು. ಆಟಕ್ಕೆ ಸೇರದ ಯಾವ ಜೀವಿ ಚೆಂಡನ್ನು ಸರಿಸಿದರೂ ಅದನ್ನು ಮೊದಲಿದ್ದ ಜಾಗದಲ್ಲೇ ಇಡಬೇಕು, ದಂಡವಿಲ್ಲ ಎಂದು ಪುಸ್ತಕ ಹೇಳುತ್ತದೆ. ಅಂಥವರನ್ನು ಅದು ಹೊರಗಿನವರೆಂದು ಕರೆಯುತ್ತದೆ. ಕಾಗೆ, ಎಮ್ಮೆ, ಬೇರೆ ಆಟದವರು, ತೀರ್ಪು ಹೇಳಲು ನಿಂತವನು, ಎಲ್ಲರೂ ಆ ಒಂದೇ ಸಾಲಿನಲ್ಲಿ ಬರುತ್ತಾರೆ. ಎಮ್ಮೆಯ ಜೊತೆ ನನ್ನನ್ನೂ ಎಣಿಸಿದ್ದಾರೆಂದು ಅಂದು ಬೇಸರವೇನೂ ಆಗಲಿಲ್ಲ.

ಮೈದಾನದ ಒಂಬತ್ತನೆಯ ಕುಳಿಯ ಬಲಕ್ಕೆ ಅಯ್ಯಪ್ಪನ ದೇವರಕಾಡು ಇತ್ತು. ಅಲ್ಲಿಂದ ಒಣಕಡ್ಡಿಯನ್ನೂ ಯಾರೂ ತರುವುದಿಲ್ಲ, ಚಪ್ಪಲಿ ಹಾಕಿ ಒಳಗೆ ಹೋಗುವುದಿಲ್ಲ. ಹರಕೆ ಹೊತ್ತವರು ಮಣ್ಣಿನ ನಾಯಿಗಳನ್ನು ತಂದು ಅಲ್ಲಿ ಬಿಡುತ್ತಾರೆ. ಗೇಣುದ್ದದ ನಾಯಿಗಳು, ಒಂದರ ಕಿವಿ ಮುರಿದಿದೆ, ಒಂದರ ಬೆನ್ನಿಗೆ ಪಾಚಿ ಹತ್ತಿದೆ. ಒಳಗೆ ಜಾಗ ಸಾಲದೆ ಕೆಲವು ಕಾಡಿನ ಅಂಚಿಗೆ, ಮೈದಾನದ ಹುಲ್ಲಿನವರೆಗೂ ಬಂದು ನಿಂತಿದ್ದವು. ಗಡಿಗೆ ಗೂಟ ನೆಡಬೇಕೆಂದು ಪುಸ್ತಕದಲ್ಲಿದೆ. ಆದರೆ ದೇವರ ನೆಲಕ್ಕೆ ಗೂಟ ಹೊಡೆಯಲು ಒಬ್ಬ ಆಳೂ ಒಪ್ಪಲಿಲ್ಲ, ಹೊಡೆಸಲು ಕ್ಲಬ್ಬಿನ ಬಿಳಿಯ ದೊರೆಗಳೂ ಒತ್ತಾಯಿಸಲಿಲ್ಲ. ಮರಗಳ ನಡುವೆ ಹೋದ ಚೆಂಡನ್ನು ಯಾರೂ ಹುಡುಕುತ್ತಿರಲಿಲ್ಲ, ಅಷ್ಟೆ.

ಆ ವರ್ಷ ಕ್ಲಬ್ಬಿನ ಬೆಳ್ಳಿ ಕಪ್ಪಿಗಾಗಿ ನಡೆಯುವ ಕೊನೆಯ ಪಂದ್ಯ ಬೋಪಯ್ಯನವರಿಗೂ ಹಾರ್ಟ್ಲಿ ದೊರೆಗೂ ಬಿತ್ತು. ಬೋಪಯ್ಯನವರು ಪಕ್ಕದ ತೋಟದ ಯಜಮಾನರು, ನಲವತ್ತೈದು ದಾಟಿದವರು. ಕ್ಲಬ್ಬಿನ ಗೋಡೆಯ ಹಲಗೆಯಲ್ಲಿ ಗೆದ್ದವರ ಹೆಸರುಗಳಿದ್ದವು, ಅದರಲ್ಲಿ ಈ ಮಣ್ಣಿನವರದ್ದು ಒಂದೂ ಇರಲಿಲ್ಲ. ಬೋಪಯ್ಯನವರು ಹಿಂದೆ ಎರಡು ಸಲ ಕೊನೆಯ ಪಂದ್ಯದಲ್ಲಿ ಸೋತಿದ್ದರು. ಈಗ ಬಲಮೊಣಕೈ ನೋಯುತ್ತಿತ್ತು. "ಇದೇ ಕೊನೆ ರೈಟ್ರೇ, ಬರುವ ವರ್ಷ ಈ ಕೈಯಲ್ಲಿ ಊಟ ಮಾಡಿದರೆ ಸಾಕು" ಎಂದು ಬೆಳಿಗ್ಗೆ ನನಗೆ ಹೇಳಿದ್ದರು. ಅವರ ತಂದೆಯೂ ಬಂದು ಕ್ಲಬ್ಬಿನ ಜಗಲಿಯಲ್ಲಿ ಕುಳಿತಿದ್ದರು. ಆ ಮುದುಕರು ಅಲ್ಲಿ ಕುರ್ಚಿಯ ಮೇಲೆ ಕುಳಿತದ್ದು ಅದೇ ಮೊದಲು.

ಎಂಟು ಕುಳಿ ಮುಗಿದಾಗ ಇಬ್ಬರೂ ಸಮ. ಒಂಬತ್ತನೆಯದರಲ್ಲಿ ಚೆಂಡು ಎಲ್ಲಿ ಬೀಳುತ್ತದೆಂದು ನೋಡಲು ನಾನು ಮುಂದೆ ಹೋಗಿ ನಿಂತಿದ್ದೆ. ಬೋಪಯ್ಯನವರ ಎರಡನೆಯ ಹೊಡೆತ ಬಲಕ್ಕೆ ವಾಲಿತು. ಒಂದು ಮರದ ಕಾಂಡಕ್ಕೆ ಬಡಿದ ಸದ್ದು ಕೇಳಿಸಿತು, ಮತ್ತೆ ಏನೂ ಇಲ್ಲ. ನಾನು ಓಡಿದೆ. ಹತ್ತಿರ ಹೋಗಿ ಚಪ್ಪಲಿ ಕಳಚಿದೆ. ಕಾಡಿನ ಅಂಚಿನ ಕಟ್ಟಕಡೆಯ ನಾಯಿಯ ಎರಡು ಮುಂಗಾಲುಗಳ ನಡುವೆ ಚೆಂಡು ಕುಳಿತಿತ್ತು, ಎಡಗಾಲಿಗೆ ತಾಗಿಕೊಂಡು. ಗುರುತು ಅವರದ್ದೇ ಹೌದೇ ಎಂದು ನೋಡಲು ಬಗ್ಗಿದೆ. ಬಗ್ಗುವಾಗ ನನ್ನ ಬಲಗಾಲ ಹೆಬ್ಬೆರಳು ನಾಯಿಯ ಬಾಲಕ್ಕೆ ತಗುಲಿತು.

ಮುಂದಿನದ್ದು ನಾನು ಮಾಡಿದ್ದಲ್ಲ, ಕೈ ಮಾಡಿದ್ದು. ಅದು ನಾಯಿಯ ಬೆನ್ನು ಮುಟ್ಟಿ ಕಣ್ಣಿಗೆ ಬಂತು. ನಾಯಿ ತುಸು ಮುಂದಕ್ಕೆ ವಾಲಿ ಮತ್ತೆ ನಿಂತಿತು. ಚೆಂಡು ಹೊರಬಿದ್ದು, ಇಳಿಜಾರಿನಲ್ಲಿ ಒಂದು ಮೊಳ ಉರುಳಿ, ಕತ್ತರಿಸಿದ ಹುಲ್ಲಿನ ಮೇಲೆ ಹೋಗಿ ನಿಂತಿತು. ಅಲ್ಲಿಂದ ಕುಳಿಯವರೆಗೆ ಒಂದು ಪೊದೆಯೂ ಅಡ್ಡವಿರಲಿಲ್ಲ.

ಹಿಂದಕ್ಕೆ ನೋಡಿದೆ. ದಿಬ್ಬದ ಆಚೆಯಿಂದ ಅವರ ಟೊಪ್ಪಿಗಳು ಆಗಷ್ಟೇ ಮೇಲೇರುತ್ತಿದ್ದವು. ಯಾರೂ ನೋಡಿರಲಿಲ್ಲ.

ಬೋಪಯ್ಯನವರು ಮೊದಲು ಬಂದರು. ಚೆಂಡು ನೋಡಿದರು, ನಾಯಿಯನ್ನು ನೋಡಿದರು. "ಒಳ್ಳೆ ಜಾಗ" ಎಂದರು ಮೆಲ್ಲಗೆ. ಜಗಲಿಯ ಮೇಲಿನ ಆ ಮುದುಕರು ಅಷ್ಟು ದೂರದಿಂದಲೂ ಕಾಣುತ್ತಿದ್ದರು. ಅವರು ಕುರ್ಚಿಯಿಂದ ಎದ್ದು ಕಂಬ ಹಿಡಿದು ನಿಂತಿದ್ದರು. ಹಾರ್ಟ್ಲಿ ದೊರೆ ಬಂದು, "ಲಕ್ಕಿ ಮನುಷ್ಯ ನೀನು" ಎಂದರು. ಬೋಪಯ್ಯನವರು ಕೋಲಿನ ಚೀಲ ಹೊತ್ತು ಬಂದ ಕ್ಯಾಡಿಯ ಕಡೆ ಕೈ ಚಾಚಿದರು. ಕ್ಯಾಡಿ ಕೋಲು ಕೊಟ್ಟ. ಅವರು ಚೆಂಡಿನ ಹಿಂದೆ ಹೋಗಿ ನಿಂತರು. ಆಗ ನಾನು, "ಸ್ವಲ್ಪ ನಿಲ್ಲಿ" ಎಂದೆ.

ಕಾಲು ತಗುಲಿದ್ದು, ಮುಟ್ಟಿದ್ದು, ಉರುಳಿದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದೆ.

"ನಾಯಿಗೆ ನಮಸ್ಕಾರ ಮಾಡಿ ನನ್ನ ಚೆಂಡು ತಳ್ಳಿದ್ರಾ?" ಎಂದರು ಬೋಪಯ್ಯನವರು.

"ಹೌದು."

"ಪುಸ್ತಕ ಏನು ಹೇಳ್ತದೆ?"

"ನಾನು ಹೊರಗಿನವ. ದಂಡವಿಲ್ಲ. ಚೆಂಡು ಮೊದಲಿದ್ದಲ್ಲೇ ಇಡಬೇಕು."

"ಎಮ್ಮೆ ಲೆಕ್ಕ," ಎಂದ ಕ್ಯಾಡಿ. ಅವನು ತಲೆ ನರೆತವನು, ಎಮ್ಮೆಯ ದಿನವೂ ಅಲ್ಲಿದ್ದವನು.

ಬೋಪಯ್ಯನವರು ಬೂಟು ಬಿಚ್ಚಿದರು, ಮೊಣಕೈ ನೋವಿಗೆ ಅದು ತಡವಾಯಿತು. ಚೆಂಡನ್ನು ತೆಗೆದು ನಾಯಿಯ ಮುಂಗಾಲ ನಡುವೆ ತಾವೇ ಇಟ್ಟರು. ಇನ್ನು ಹೊಡೆಯಬೇಕಾದರೆ ನಾಯಿ ಒಡೆಯಬೇಕು, ಇಲ್ಲವೇ ಅದನ್ನು ಎತ್ತಿ ಪಕ್ಕಕ್ಕೆ ಇಡಬೇಕು.

ಹಾರ್ಟ್ಲಿ ದೊರೆ ಎಸ್ಟೇಟ್ ಕನ್ನಡದಲ್ಲಿ ಹೇಳಿದರು, "ರೈಟರ್, ನಾಯಿ ಯಾರು ಮಾಡಿದ್ದು? ಕುಂಬಾರ. ಮನುಷ್ಯ ಮಾಡಿದ್ದು ತೆಗೀಬಹುದು. ತೆಗಿ ಬೋಪಯ್ಯ, ನನ್ನದು ತಕರಾರು ಇಲ್ಲ."

ಒಳ್ಳೆಯ ಮಾತು, ಗೆಲ್ಲಬೇಕಾದವರು ಆಡುವ ಮಾತಲ್ಲ. ಪುಸ್ತಕದ ಪ್ರಕಾರ ಸರಿಯೂ ಹೌದು. ತೆಗೆಯಬಹುದು ಎಂದು ಬೋಪಯ್ಯನವರಿಗೆ ಹೇಳಿದೆ. ತೆಗೆಯಲೇಬೇಕೆಂದು ಇಲ್ಲ ಎಂದೂ ಸೇರಿಸಿದೆ. ಅವರು ನಾಯಿಯನ್ನು ನೋಡುತ್ತ ನಿಂತರು.

"ಇದನ್ನು ಯಾರು ಇಟ್ಟರೋ ಗೊತ್ತಿಲ್ಲ. ಮಗುವಿಗೆ ಜ್ವರವಿತ್ತೋ, ಕಾಡಿಗೆ ಹೋದವ ವಾಪಸ್ ಬಂದಿರಲಿಲ್ಲವೋ. ನನ್ನ ಆಟಕ್ಕೆ ಇದು ಅಡ್ಡ ಅಂತ ನಾನು ಹೇಗೆ ಹೇಳಲಿ?"

"ಹಾಗಾದರೆ ಹೊಡೆದ ಜಾಗಕ್ಕೇ ಹಿಂದಕ್ಕೆ ಹೋಗಿ ಮತ್ತೆ ಹೊಡೆಯಬೇಕು, ಒಂದು ಹೊಡೆತದ ದಂಡವೂ ಉಂಟು," ಎಂದೆ.

"ಗೊತ್ತು ಮಾರಾಯ್ರೆ," ಎಂದು ಅವರು ದಿಬ್ಬದ ಕಡೆ ನಡೆದರು, ಬೂಟನ್ನು ಕೈಯಲ್ಲೇ ಹಿಡಿದು.

ಆ ಕುಳಿ ಹಾರ್ಟ್ಲಿ ದೊರೆಯದಾಯಿತು, ಕಪ್ಪೂ ಅವರದೇ. ಎಲ್ಲರೂ ಕೈ ಕುಲುಕಿದರು. ಮುದುಕರು ಮಗನಿಗೆ, "ಮೊಣಕೈಗೆ ಎಣ್ಣೆ ಹಾಕು" ಎಂದಷ್ಟೇ ಹೇಳಿದರು. ನಾನು ಕಚೇರಿಯ ಕೋಣೆಯಲ್ಲಿ ಅಂಕದ ಕಾಗದ ತುಂಬುತ್ತ, ಒಂದೇ ಸಾಲನ್ನು ಎರಡು ಸಲ ಬರೆದೆ. ಬೋಪಯ್ಯನವರು ಬಾಗಿಲಲ್ಲಿ ಬಂದು ನಿಂತರು.

"ರೈಟ್ರೇ, ಒಂದು ಕೇಳ್ತೇನೆ. ನಾನು ಬಂದ ಕೂಡಲೇ ಯಾಕೆ ಹೇಳಲಿಲ್ಲ?"

ನಾನು ನಿಜ ಹೇಳಿದೆ. "ಸುಮ್ಮನಿದ್ದರೆ ಏನಾಗ್ತದೆ ಅಂತ ನೋಡ್ತಿದ್ದೆ."

"ನಾನೂ ಅದನ್ನೇ ನೋಡ್ತಿದ್ದೆ. ಕಾಲ ನಡುವೆ ಹಸಿಮಣ್ಣಿನಲ್ಲಿ ಚೆಂಡು ಕೂತ ಗುಳಿ ನನಗೂ ಕಂಡಿತ್ತು. ನೀವು ಬಾಯಿ ಬಿಡದಿದ್ದರೆ ನಾನು ಬಿಡ್ತಿದ್ದೆನೋ ಇಲ್ಲವೋ, ಅದು ಇನ್ನು ಗೊತ್ತಾಗೋದಿಲ್ಲ. ಗೊತ್ತಾಗದ್ದೇ ಒಳ್ಳೇದು." ಹೀಗೆಂದು ಅವರು ನಕ್ಕು ಹೊರಟುಹೋದರು.

ಅಂದು ಮನೆಗೆ ಹೋಗಿ ಪುಸ್ತಕವನ್ನು ನಾಲ್ಕನೆಯ ಸಲ ಓದಿದೆ. ಕಾಣೆಯಾದ ಚೆಂಡನ್ನು ಹುಡುಕಲು ಅದು ಐದು ನಿಮಿಷ ಕೊಡುತ್ತದೆ. ಕಂಡದ್ದನ್ನು ಕಂಡೆ ಎನ್ನಲು ಎಷ್ಟು ಹೊತ್ತು ಎಂದು ಎಲ್ಲಿಯೂ ಇಲ್ಲ. ನಾನು ತೆಗೆದುಕೊಂಡದ್ದು ಒಂದು ನಿಮಿಷಕ್ಕಿಂತ ಕಡಿಮೆ. ಅದೂ ಹೆಚ್ಚಾಯಿತೆಂದು ಇಂದಿಗೂ ನನಗೆ ಅನ್ನಿಸುತ್ತದೆ. ಬೋಪಯ್ಯನವರನ್ನು ಕೇಳಿದರೆ ಮಾತ್ರ, ಇನ್ನೊಂದು ಚೂರು ತಡ ಮಾಡಿದ್ದರೆ ಇಬ್ಬರೂ ನಮ್ಮ ಕೈಗೆ ನಾವೇ ಸಿಕ್ಕಿಬೀಳುತ್ತಿದ್ದೆವು ಎನ್ನುತ್ತಾರೆ.