ಅಕ್ಕಯ್ಯಮ್ಮ ಒಗೆದ ಪಟ್ಟಿ

ಗಣಿಯ ಆರು ಗಂಟೆಯ ಸೈರನ್ ಕೂಗುವ ಮೊದಲೇ ಅಕ್ಕಯ್ಯಮ್ಮ ಗಂಡನ ಮಂಚದ ಕಾಲ್ದೆಸೆಯಲ್ಲಿ ಕುಳಿತಿದ್ದಳು. ಮಂಚದ ಆ ಬದಿಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿದ್ದಳು. ಅಶ್ವತ್ಥಪ್ಪ ಪಾದ ನೆಲಕ್ಕೆ ತಾಗಿಸುವ ಮುನ್ನ ಎಡಗಾಲಿಗೆ ಪಟ್ಟಿ ಸುತ್ತಿ ಮುಗಿಸಬೇಕು. ಬೆರಳ ಬುಡದಿಂದ ಮಂಡಿಯವರೆಗೆ, ಹಿಮ್ಮಡಿಯ ಹತ್ತಿರ ಬಿಗಿಯಾಗಿ, ಮೇಲೆ ಹೋದಂತೆ ಸಡಿಲವಾಗಿ.

"ಅಲ್ಲಾಡ್ಬ್ಯಾಡಯ್ಯ."

"ನಾನೆಲ್ಲಿ ಅಲ್ಲಾಡ್ತೀನಿ? ಇಂಗೆ ಸುತ್ತೀ ಸುತ್ತೀ ನನ್ನ ಬೀಡಿ ಮಾಡ್ಬಿಡ್ತೀಯ."

"ಬೀಡಿಯಾಗಿದ್ರೆ ಅಚ್ಚಿ ಮುಗಿಸ್ಬೋದಿತ್ತು. ಸುಮ್ಕಿರು."

೧೯೬೫ರ ಜನವರಿಯ ಮೊದಲ ವಾರ. ಅಶ್ವತ್ಥಪ್ಪ ಉರಿಗಾಂನ ಚಿನ್ನದ ಗಣಿಯೊಂದರ ಗೇಟಿನಲ್ಲಿ ಇಪ್ಪತ್ತೊಂದು ವರ್ಷ ಗಾರ್ಡ್ ಆಗಿ ನಿಂತವನು. ದಿನಕ್ಕೆ ಎಂಟು ಗಂಟೆ ನಿಂತ ಕಾಲುಗಳಲ್ಲಿ ನರಗಳು ಉಬ್ಬಿ ಗಂಟುಗಂಟಾಗಿದ್ದವು. ಎಡ ಹಿಮ್ಮಡಿಯ ಮೇಲೆ ನಾಲ್ಕಾಣೆಯಷ್ಟು ಅಗಲದ ಹುಣ್ಣು. ಒಂದು ವಾರ ಒಣಗುವುದು, ಇನ್ನೊಂದು ವಾರ ಒಸರುವುದು. ಅವನು ಅದನ್ನು ಅದರ ಪಾಡಿಗೆ ಬಿಟ್ಟಿದ್ದ. ಹಿಂದಿನ ಜೂನಿನ ಮಳೆಯಲ್ಲಿ ಗೇಟಿನ ಮೆಟ್ಟಿಲಿನಿಂದ ಜಾರಿ ಬಿದ್ದು, ಎಡಸೊಂಟದ ಕೀಲಿನ ಮೂಳೆ ಮುರಿದು, ಅದು ಕೂಡಿಕೊಳ್ಳದೆ ಉಳಿದ ಮೇಲೆ ಹುಣ್ಣಿನ ಮಾತು ಬಂತು.

ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಗಣಿಯ ಆಸ್ಪತ್ರೆಗೆ ಬಂದಿದ್ದ ಮೂಳೆ ಡಾಕ್ಟರು, ಮುರಿದ ಮೂಳೆಯ ತಲೆ ತೆಗೆದು ಲೋಹದ ತಲೆ ಕೂರಿಸಬಹುದು, ಕೋಲು ಹಿಡಿದು ನಡೆಯಬಹುದು ಎಂದಿದ್ದರು. ಆಮೇಲೆ ಪಂಚೆ ಎತ್ತಿಸಿ ಕಾಲು ನೋಡಿದರು. ಹುಣ್ಣು ಬಾಯಿ ಬಿಟ್ಟಿರುವಾಗ ಲೋಹ ಇಟ್ಟರೆ ಒಳಗೆ ಕೀವು ಹಿಡಿಯುತ್ತದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೆ ಏರಿದರೆ ಜೀವಕ್ಕೇ ಅಪಾಯ. ಮೊದಲು ಹುಣ್ಣು ಮಾಯಬೇಕು, ಆಮೇಲೆ ತೊಡೆಸಂದಿಯಲ್ಲಿ ಕೊಯ್ದು ಉಬ್ಬಿದ ನರ ಕಟ್ಟಬೇಕು, ಕೊನೆಗೆ ಸೊಂಟ. ಅವರು ಮತ್ತೆ ಬರುವುದು ಮಾರ್ಚಿ ಎರಡನೇ ವಾರ. ಅಶ್ವತ್ಥಪ್ಪನ ರಜೆ ಮುಗಿಯುವುದು ಮಾರ್ಚಿ ಮೂವತ್ತೊಂದಕ್ಕೆ. ಅಷ್ಟರೊಳಗೆ ಆಪರೇಷನ್ ಆದರೆ ರಜೆ ಹೆಚ್ಚಿಸಿ ಕೊಡುತ್ತಾರೆ, ಆಮೇಲೆ ಕೂತು ಮಾಡುವ ಕೆಲಸ ಸಿಗುತ್ತದೆ. ಆಗದಿದ್ದರೆ ಕೆಲಸವೂ ಇಲ್ಲ, ಗಣಿಯವರು ಸಾಲಾಗಿ ಕಟ್ಟಿಸಿ ಕೊಟ್ಟ ಲೈನ್ ಮನೆಯೂ ಇಲ್ಲ.

ಆಸ್ಪತ್ರೆಯ ನರ್ಸ್ ಗಂಗರತ್ನಮ್ಮ ಎಳೆದರೆ ಹಿಗ್ಗುವ ಪಟ್ಟಿ ಎರಡು ಕೊಟ್ಟಿದ್ದಳು. "ಬೆಚ್ಚನೆ ನೀರಲ್ಲಿ ಸೋಪು ಹಾಕಿ ಹಿಂಡಮ್ಮ. ನೆರಳಲ್ಲಿ ಹಾಸಿ ಒಣಗಿಸು. ಅಷ್ಟೇ." ಮೂರು ವಾರದಲ್ಲಿ ಹುಣ್ಣು ಹುಣಸೆಬೀಜದಷ್ಟಕ್ಕೆ ಇಳಿಯಿತು.

ಬಟ್ಟೆ ಒಗೆಯುವುದರಲ್ಲಿ ಅಕ್ಕಯ್ಯಮ್ಮನ ಕೈ ಆ ಲೈನಿಗೆಲ್ಲ ಹೆಸರುವಾಸಿ. ಮನೆಯಲ್ಲಿ ಉಣ್ಣುವುದು ರಾಗಿಮುದ್ದೆಯಾದರೂ ಪ್ರತಿ ಭಾನುವಾರ ಒಂದು ಹಿಡಿ ಅಕ್ಕಿ ಬೇಯಿಸಿ, ಆ ಗಂಜಿಯಲ್ಲಿ ಗಂಡನ ಖಾಕಿ ಅಂಗಿ, ಚಡ್ಡಿ ಅದ್ದಿ ಇಸ್ತ್ರಿ ಮಾಡುತ್ತಿದ್ದಳು. "ಅಶ್ವತ್ಥಪ್ಪಂಗಿಂತ ಮುಂಚೆ ಅವನ ಚಡ್ಡಿ ಡ್ಯೂಟಿಗೆ ಬತ್ತೈತೆ" ಎಂದು ಜೊತೆಯ ಗಾರ್ಡ್ ಬಚ್ಚಪ್ಪ ರೇಗಿಸುತ್ತಿದ್ದ. ಅವಳಿಗೆ ಅದು ಹೊಗಳಿಕೆ. ಈಗ ಏಳು ತಿಂಗಳಿಂದ ಖಾಕಿ ಪೆಟ್ಟಿಗೆಯಲ್ಲಿತ್ತು. ಗಂಡನ ಮೈಮೇಲೆ ಅವಳ ಕೈಕೆಲಸವೆಂದು ಜನರ ಕಣ್ಣಿಗೆ ಬೀಳುವುದು ಪಟ್ಟಿಯೊಂದೇ; ಅದು ಒಗೆದೂ ಒಗೆದೂ ಸುಕ್ಕಾಗಿ ಜೋತುಬಿದ್ದಿತ್ತು. ಜನವರಿಯ ಕೊನೆಯ ಭಾನುವಾರ ಎರಡೂ ಪಟ್ಟಿಗಳನ್ನು ಗಂಜಿಯಲ್ಲಿ ಅದ್ದಿ, ಬಿಸಿಲಲ್ಲಿ ಎಳೆದು ಕಟ್ಟಿ ಒಣಗಿಸಿ, ಕೆಂಡದ ಇಸ್ತ್ರಿಪೆಟ್ಟಿಗೆ ಓಡಿಸಿದಳು. ಮುಂದಿನ ಭಾನುವಾರವೂ ಹಾಗೆಯೇ ಮಾಡಿದಳು. ಬೆಳಗಿನ ಕತ್ತಲಲ್ಲಿ ಸುತ್ತುವಾಗ ಕಾಲು ಹೇಗಿದೆಯೆಂದು ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಫೆಬ್ರವರಿ ಎರಡನೇ ವಾರ ಆಸ್ಪತ್ರೆಯಲ್ಲಿ ಗಂಗರತ್ನಮ್ಮ ಪಟ್ಟಿ ಬಿಚ್ಚಿದಳು. ಹುಣ್ಣು ಮೊದಲಿಗಿಂತ ಅಗಲವಾಗಿತ್ತು. ಮಂಡಿಯ ಕೆಳಗೆ, ಪಟ್ಟಿಯ ಅಂಚು ಕೊರೆದ ಕಡೆ, ಹೊಸದೊಂದು ಗಾಯ.

"ಇದೇನಮ್ಮ, ಪಟ್ಟೀನಾ ಹಪ್ಪಳಾನಾ? ಗಂಜಿ ಹಾಕಿದೀಯಾ?"

"ಊಂ ಕಣಮ್ಮ. ಇಷ್ಟ್ ಜನ ನೋಡೋ ಕಡೆ ಮುದುರಿದ್ದು ಯಾಕೆ ಅಂತ..."

"ಹಿಗ್ಗಿ ಕುಗ್ಗಿ ಕಾಲನ್ನ ಹಿಡ್ಕೋಬೇಕಾದ್ದು ಇದು. ಈಗ ತಗಡಾಗಿದೆ. ಮೇಲೆ ಕೊಯ್ತಿದೆ, ಕೆಳಗೆ ಸಡಿಲ. ಪಾದ ನೋಡು, ಹೆಂಗೆ ಊದಿದೆ."

ಹಿಂದಿರುಗುವಾಗ ಜಟಕಾದಲ್ಲಿ ಅಕ್ಕಯ್ಯಮ್ಮ ಗಂಡನ ಮೇಲೆಯೇ ಹರಿಹಾಯ್ದಳು.

"ಎಲ್ಡ್ ವಾರ! ಉರೀತೈತೆ ಅಂತ ಒಂದ್ ಮಾತು ಏಳ್ಬಾರ್ದೇನಯ್ಯ? ಬಾಯಿಗೇನು ಒಲಿಗೆ ಆಕಿದ್ರಾ?"

"ಆ ಚಡ್ಡೀನೂ ಇಂಗೇ ಕೊರೀತಿತ್ತು ಕಣಮ್ಮಿ," ಅಂದ ಅವನು, ಕುದುರೆಯ ಬೆನ್ನು ನೋಡುತ್ತ. "ಇಪ್ಪತ್ತೊಂದು ವರ್ಷ ಏಳಿದ್ನಾ?"

ಅವನ ತೊಡೆಗಳ ಸುತ್ತ ಚಡ್ಡಿಯ ಅಂಚಿನ ಕಪ್ಪು ಗೆರೆಯನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಗಾರ್ಡುಗಳಿಗೆ ಇರುವುದೇ ಹಾಗೆ ಅಂದುಕೊಂಡಿದ್ದಳು.

ಹೊಸ ಪಟ್ಟಿಗಳನ್ನು ಅವಳು ಗಂಗರತ್ನಮ್ಮ ಹೇಳಿದಂತೆಯೇ ಒಗೆದಳು. ಮಂಚಕ್ಕೆ ಮೂರನೇ ಇಟ್ಟಿಗೆ ಬಂತು. ಅಶ್ವತ್ಥಪ್ಪ ಹಗಲೂ ಮಲಗಿಯೇ ಇದ್ದ. ಮೇಲಿನ ಗಾಯ ಬೇಗ ಮಾಯಿತು. ಕೆಳಗಿನ ಹುಣ್ಣು ದಿನಕ್ಕೆ ಕೂದಲೆಳೆಯಷ್ಟು ಕಿರಿದಾಗುತ್ತಿತ್ತು; ಅವಳು ಪ್ರತಿ ಬೆಳಿಗ್ಗೆ ದೀಪ ಹಿಡಿದು ನೋಡುವಳು. ಹುಣ್ಣು ಮುಚ್ಚದೆ ನರ ಕಟ್ಟುವಂತಿರಲಿಲ್ಲ. ಫೆಬ್ರವರಿ ಹಾಗೇ ಕಳೆಯಿತು.

ಮಾರ್ಚಿ ಹತ್ತರಂದು ಬೆಂಗಳೂರಿನ ಡಾಕ್ಟರು ಕಾಲನ್ನು ಎರಡು ಸಲ ನೋಡಿದರು. "ಇನ್ನೂ ಹಸಿ ಇದೆ. ಈಗ ಕೈ ಹಾಕೋದಿಲ್ಲ. ಸೆಪ್ಟೆಂಬರಿಗೆ ನೋಡೋಣ."

"ನಂದೇ ತಪ್ಪು ಸ್ವಾಮಿ," ಎಂದಳು ಅಕ್ಕಯ್ಯಮ್ಮ. "ನಮ್ ಯಜಮಾನ್ರೇನೂ ಮಾಡ್ಲಿಲ್ಲ."

"ಯಾರ ತಪ್ಪು ಅನ್ನೋ ಮಾತಲ್ಲಮ್ಮ ಇದು. ಹುಣ್ಣು ಮಾಯ್ದಿಲ್ಲ, ಅಷ್ಟೇ."

ತಿಂಗಳ ಕೊನೆಗೆ ಮನೆಯ ಬೀಗದಕೈ ಗಣಿಯವರಿಗೆ ಕೊಟ್ಟು ಗಂಡಹೆಂಡತಿ ಬಂಗಾರಪೇಟೆಯ ದಾರಿಯಾಗಿ ಬೂದಿಕೋಟೆಗೆ, ಅಶ್ವತ್ಥಪ್ಪನ ತಮ್ಮನ ಮನೆಗೆ ಹೋದರು. ಜುಲೈನಲ್ಲಿ ಹುಣ್ಣು ಪೂರ್ತಿ ಮುಚ್ಚಿತು. ಸೆಪ್ಟೆಂಬರಿನಲ್ಲಿ ಡಾಕ್ಟರು ಬಂದರು. ಗಣಿಯ ಆಸ್ಪತ್ರೆ ಕೆಲಸದಲ್ಲಿರುವವರಿಗೆ ಮಾತ್ರ. ಅಶ್ವತ್ಥಪ್ಪನಿಗೆ ಕರೆ ಹೋಗಲಿಲ್ಲ.