ಅಕ್ಕ ಮಾಡಿದ ಪರೀಕ್ಷೆ

ನಮ್ಮ ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ಹೆಂಗಸರ ಚೀಲ ತಪಾಸಣೆ ಮಾಡುವವಳನ್ನು ನಾವೆಲ್ಲ ಕರೆಯುವುದು ಸಿಐಡಿ ಅಕ್ಕ ಅಂತಲೇ. ಹುಟ್ಟಾ ಅನುಮಾನದ ಹೆಂಗಸು. ಖಾಲಿ ಊಟದ ಡಬ್ಬಿಯನ್ನೂ ಮುಚ್ಚಳ ತೆಗೆಸಿ ನೋಡುತ್ತಾಳೆ. ಸ್ವಂತ ತಂಗಿಯನ್ನೂ ಬಿಟ್ಟವಳಲ್ಲ. ಅವಳನ್ನು ಮನಸ್ಸಿನಲ್ಲೇ ಬೈಯದೆ ಗೇಟು ದಾಟಿದವರು ನಮ್ಮಲ್ಲಿ ಯಾರೂ ಇಲ್ಲ.

ಅವಳ ಗಂಡ ಗೋಡೆಗೆ ಬಣ್ಣ ಹೊಡೆಯುವವನು. ಏಣಿಯಿಂದ ಬಿದ್ದು ತಲೆಗೆ ಏಟಾಗಿ, ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರದ ಆಸರೆಯಲ್ಲಿ ಮಲಗಿಬಿಟ್ಟ. ಮಿದುಳು ಚೇತರಿಸಿಕೊಳ್ಳುವ ಹಾಗಿಲ್ಲ, ಯಂತ್ರ ತೆಗೆಯುವುದೇ ಒಳ್ಳೆಯದು ಎಂದರು ಡಾಕ್ಟರು. ಗಂಡನ ಅಣ್ಣನೂ ಹೌದೆಂದು ತಲೆಯಾಡಿಸಿದ. ಅಕ್ಕನ ಕಿವಿ ನೆಟ್ಟಗಾಯಿತು. ಡಾಕ್ಟರಿಗೆ ಹಾಸಿಗೆ ಖಾಲಿಯಾಗಬೇಕು, ಸರಿ. ಭಾವನಿಗೇನು? ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿದ್ದವು, ಈಗೆಲ್ಲಿಂದ ಬಂತು ಈ ಅಕ್ಕರೆ?

"ಬೆರಳಿಟ್ರೆ ಸಾಕು ಕಣೇ, ಗಟ್ಟಿಯಾಗಿ ಹಿಡ್ಕೋತಾರೆ. ನಾನು ಅಂತ ಗೊತ್ತು ಅವ್ರಿಗೆ" ಎಂದಳು, ಜೊತೆಗಿರಲೆಂದು ಆಸ್ಪತ್ರೆಗೆ ಹೋಗುತ್ತಿದ್ದ ನನ್ನೊಡನೆ. ಅದು ಬರೀ ನರಗಳ ಕೆಲಸ, ಹಸುಗೂಸೂ ಹಾಗೇ ಹಿಡಿಯುತ್ತದೆ ಎಂದಿದ್ದರಂತೆ ಡಾಕ್ಟರು. "ಸುಳ್ಳು. ನನ್ನ ಬಾಯಿ ಮುಚ್ಸೋಕೆ ಹೇಳ್ತಾರೆ."

ಆದರೆ ಸುಳ್ಳೋ ನಿಜವೋ ನೋಡದೆ ಬಿಡುವ ಜಾಯಮಾನ ಅವಳದಲ್ಲ. ಒಂದು ಮಧ್ಯಾಹ್ನ ಭಾವನನ್ನೇ ಅಲ್ಲಿಗೆ ಕರೆಸಿದಳು. "ಸತ್ರೂ ನಿನ್ನ ಕೈ ಮುಟ್ಟಲ್ಲ" ಎಂದು ಗಂಡ ಆಣೆಯಿಟ್ಟಿದ್ದು ಇದೇ ಅಣ್ಣನ ಮುಂದೆ. "ಭಾವನ ಕೈ ಅವ್ರು ಹಿಡೀಲಿಲ್ಲ ಅಂದ್ರೆ ನಾನು ಗೆದ್ದೆ" ಎಂದು ಬಾಗಿಲಲ್ಲೇ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

"ಭಾವ, ಅವರ ಅಂಗೈಲಿ ಬೆರಳಿಡಿ."

ಭಾವ ಅಳುಕುತ್ತಲೇ ಇಟ್ಟ. ತಮ್ಮನ ಬೆರಳುಗಳು ಗಬಕ್ಕನೆ ಮಡಿಚಿಕೊಂಡವು. ಅಕ್ಕನ ಮುಖ ಬಿಳಿಚಿಕೊಂಡಿತು. ಭಾವನೋ, ಗೊಳೋ ಎಂದು ಅತ್ತುಬಿಟ್ಟ.

"ಕ್ಷಮಿಸ್ಬಿಟ್ಟ ಕಣಮ್ಮ ನನ್ನ! ಯಂತ್ರ ತೆಗೀಬೇಡಿ, ನಾನು ಬಿಡಲ್ಲ!"

ಅವಳು ಸುಮ್ಮನಿದ್ದರೆ ಆಗುತ್ತಿತ್ತು. ಅವಳಿಗೆ ಬೇಕಿದ್ದದ್ದೂ ಅದೇ ತಾನೆ? ಸುಮ್ಮನಿರೇ ಮಾರಾಯ್ತಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವಳು ಗಂಡನ ಹಿಡಿತ ಸಡಿಲಿಸಿ ಭಾವನ ಕೈ ಬಿಡಿಸಿದಳು.

"ಇಲ್ಲ ಭಾವ. ಯಾರ ಕೈ ಅಂತ ಅವ್ರಿಗೆ ಗೊತ್ತಿಲ್ಲ. ನಂದೂ ಗೊತ್ತಿರ್ಲಿಲ್ಲ. ಡಾಕ್ಟರಿಗೆ ಹೂಂ ಅಂತೀನಿ."

ಭಾವ ಅಳು ನಿಲ್ಲಿಸಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನಿನ್ನೆವರೆಗೂ ಯಂತ್ರ ತೆಗೆಯೋದು ಬೇಡ ಅಂತ ನೀನೇ ಹಟ ಹಿಡಿದಿದ್ದೆ. ಅವನು ನನ್ನ ಕೈ ಹಿಡಿದ ಕೂಡ್ಲೆ ಸಾಯಿಸ್ಬೇಕು ಅನ್ನಿಸ್ತಾ? ಏನಿದೆ ನಿನ್ನ ಮನಸ್ಸಲ್ಲಿ?"

ಅಕ್ಕ ಡಾಕ್ಟರ ಕೋಣೆಯ ಕಡೆಗೆ ಒಬ್ಬಳೇ ನಡೆದಳು.